ಕುಯಾ ನೊನೊಯ್ ಜಾಕೆಟ್ಟಿನ ಜಿಪ್ಪು

"ನನಗೆ ಮಾತ್ರ ಯಾಕೆ ನೀನು ಅವಮಾನ ಮಾಡಲ್ಲ?"

ಕಳೆದ ಭಾನುವಾರ ಮಧ್ಯಾಹ್ನ ಐವತ್ತು ದಾಟಿದ ಮನುಷ್ಯರೊಬ್ಬರು ನನ್ನೆದುರು ನಿಂತು ಕೇಳಿದ ಪ್ರಶ್ನೆ ಇದು. ತಮಾಷೆಗಲ್ಲ. ಮುಖದಲ್ಲಿ ನಿಜವಾದ ಬೇಜಾರಿತ್ತು.

ನನಗೆ ಶಾಕ್. ಯಾಕೆಂದರೆ ಇಲ್ಲಿಯವರೆಗೆ ಜನ ನನ್ನ ಹತ್ತಿರ ತಂದಿರೋದೆಲ್ಲ ಇದರ ಉಲ್ಟಾ ಕಂಪ್ಲೇಂಟು. "ನನ್ನ ಥರ ಮಾತಾಡಿ ತೋರಿಸಿದ್ಯಂತೆ, ಹುಷಾರ್" ಅಂದವರಿದ್ದಾರೆ. "ನಮ್ಮ ಯಜಮಾನರ ಥರ ಕೆಮ್ಮಿದ್ಯಂತೆ, ವಿಡಿಯೋ ಇದ್ರೆ ಕಳಿಸಪ್ಪ" ಅಂದ ಆಂಟಿಯರೂ ಇದ್ದಾರೆ. ಆದರೆ ಅವಮಾನ ಆಗಲಿಲ್ಲ ಅಂತ ಅವಮಾನ ಆದವರು? ಇವರೇ ಮೊದಲು.

ಮೊದಲಿಂದ ಹೇಳಿಬಿಡ್ತೀನಿ.

ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿರೋ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕು ಜೆರೋಮ್‌ದು. ಫಿಲಿಪೀನ್ಸ್‌ನ ಇಲೋಯ್ಲೋ ಪ್ರಾಂತದವನು. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಬಾಸ್ಕೆಟ್‌ಬಾಲ್ ಹಾಗೆ. (ಅವರ ಎತ್ತರದ ಬಗ್ಗೆ ಪ್ರಶ್ನೆ ಕೇಳಬೇಡಿ. ನಾನು ಕೇಳಿದೆ. ಜೆರೋಮ್ ಆ ವಾರ ಪೂರ್ತಿ ನನ್ನನ್ನು ಲಂಚ್‌ಗೆ ಕರೆಯಲಿಲ್ಲ.) ಇಲ್ಲಿರೋ ಫಿಲಿಪಿನೋಗಳು ತಮ್ಮದೇ ಒಂದು ಲೀಗ್ ಕಟ್ಟಿಕೊಂಡಿದ್ದಾರೆ. ಊರಿನ ಪ್ರಾಂತಕ್ಕೊಂದು ಟೀಮು. ಮೈಸೂರಿನವರದೊಂದು, ಮಂಗಳೂರಿನವರದೊಂದು, ಬೀದರಿನವರದೊಂದು ಟೀಮ್ ಇದ್ದ ಹಾಗೆ ಅಂದುಕೊಳ್ಳಿ. ನಾವು ಹಾಗೆ ಮಾಡಿದ್ರೆ ಮೊದಲ ಮ್ಯಾಚಿಗೆ ಮುಂಚೆಯೇ ಮೂರು ಕನ್ನಡ ಸಂಘ ಹುಟ್ಟಿಕೊಂಡಿರುತ್ತೆ. ಅವರು ಮಾತ್ರ ಪಾಪ, ಆಟ ಆಡ್ತಾರೆ.

ಆ ಲೀಗ್‌ನಲ್ಲೊಂದು ಪದ್ಧತಿ ಇದೆ. ಸ್ಕೋರ್ ಬರೆಯೋ ಟೇಬಲ್‌ನಲ್ಲಿ ಒಬ್ಬ ಮೈಕ್ ಹಿಡಿದು ಕೂರ್ತಾನೆ. ಆಟ ನಡೀತಿರುವಾಗಲೇ ಆಟಗಾರರ ಕಾಲೆಳೀತಾನೆ. ಪಾಯಿಂಟ್ ಹೇಳೋದು ನೆಪ. ಹೊಟ್ಟೆ, ಬೋಳುತಲೆ, ಹೊಸ ಶೂ, ಹಳೇ ಗರ್ಲ್‌ಫ್ರೆಂಡ್, ಏನೂ ಬಿಡೋ ಹಾಗಿಲ್ಲ. ಇಡೀ ಹಾಲ್ ನಗುತ್ತೆ. ಬೈಸಿಕೊಂಡವನು ಎಲ್ಲರಿಗಿಂತ ಜೋರಾಗಿ ನಗ್ತಾನೆ.

ಹಳೇ ಮೈಕ್‌ವಾಲಾ ಕೆಲಸ ಬದಲಾಯಿಸಿ ಊರು ಬಿಟ್ಟ. ಅದೇ ಸುಮಾರಿಗೆ ಜೆರೋಮ್ ನಮ್ಮ ಕನ್ನಡ ಸಂಘದ ದೀಪಾವಳಿ ಫಂಕ್ಷನ್ನಿಗೆ ಬಿಸಿಬೇಳೆಬಾತ್ ತಿನ್ನಲು ಬಂದಿದ್ದ. ನಾನು ಸ್ಟೇಜ್ ಮೇಲೆ ನಮ್ಮ ಅಧ್ಯಕ್ಷರ ವಂದನಾರ್ಪಣೆಯನ್ನು ಅವರದೇ ಧ್ವನಿಯಲ್ಲಿ ಮಾಡ್ತಿದ್ದೆ. (ಅಧ್ಯಕ್ಷರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅದರ ಬಗ್ಗೆ ಬರೀಬೇಡ ಅಂತ ಹೇಳಿದ್ದಾರೆ.) ಒಂದು ಪದವೂ ಅರ್ಥವಾಗದಿದ್ದರೂ ಜೆರೋಮ್ ಬಿದ್ದು ಬಿದ್ದು ನಕ್ಕ. ಮಾರನೇ ದಿನ ಆಫೀಸಿನಲ್ಲಿ ಅಂದ, "ನಮ್ಮ ಮೈಕ್ ಹಿಡ್ಕೋ. ಆದ್ರೆ ಜೋಕ್ ಹೇಳೋಕೆ ಮುಂಚೆ ನೀನೇ ನಗ್ತೀಯಲ್ಲ, ಅದು ಬಿಡು."

ಅದು ಬಿಡೋಕಾಗಲಿಲ್ಲ. ಇಂಗ್ಲಿಷಿನಲ್ಲೇ ಮೈಕ್ ಹಿಡಿದೆ.

ಜೆರೋಮ್‌ನಿಂದಲೇ ಶುರು ಮಾಡಿದೆ. "ಜೆರೋಮ್ ಬಾಲ್ ಪಾಸ್ ಮಾಡೋದೂ, ಆಫೀಸ್ ಇಮೇಲ್‌ಗೆ ರಿಪ್ಲೈ ಮಾಡೋದೂ ಒಂದೇ ಸ್ಪೀಡು. ಕಾಯ್ತಾ ಇರಿ." ಹಾಲ್ ಢಂ ಅಂತು. ಎದುರಾಳಿ ಬಟಾಂಗಾಸ್ ಟೀಮಿನ ಸೆಂಟರ್ ಆಟಗಾರ ಬಂದಾಗ, "ಮೊದಲು ಹೊಟ್ಟೆ ಅಟ್ಯಾಕ್ ಮಾಡುತ್ತೆ, ಮಿಕ್ಕವರು ಹಿಂದಿನಿಂದ ಬರ್ತಾರೆ" ಅಂದೆ. ಮ್ಯಾಚ್ ಆದ ಮೇಲೆ ಆ ಮನುಷ್ಯ ಬಂದು ನನ್ನನ್ನು ತಬ್ಬಿಕೊಂಡ. ಹೊಟ್ಟೆ ಮೊದಲು.

ಧ್ವನಿಗಳಂತೂ ಹಬ್ಬ. ಬಟಾಂಗಾಸ್‌ನವರು ನಮ್ಮ ಹುಬ್ಬಳ್ಳಿಯವರ ಥರ. ಊಟಕ್ಕೆ ಕರೆದರೂ ಜಗಳಕ್ಕೆ ಕರೆದ ಹಾಗೆ. (ಹುಬ್ಬಳ್ಳಿ ಓದುಗರೇ, ಇಮೇಲ್ ಬೇಡ.) ಇಲೋಯ್ಲೋದವರು ರೆಫರಿಗೆ ಬೈದರೂ ಮಗುವಿಗೆ ತಟ್ಟಿ ಮಲಗಿಸಿದ ಹಾಗಿರುತ್ತೆ. ಎರಡನ್ನೂ ಕಲಿತೆ. ಯಾರನ್ನೂ ಬಿಡಲಿಲ್ಲ.

ಒಬ್ಬರನ್ನು ಬಿಟ್ಟು.

ಕುಯಾ ನೊನೊಯ್. ಕುಯಾ ಅಂದರೆ ಅವರಲ್ಲಿ ಅಣ್ಣ. ಇಲೋಯ್ಲೋ ಟೀಮಿನ ಅತಿ ಹಿರಿಯ ಆಟಗಾರ. ಆಸ್ಪತ್ರೆಯಲ್ಲಿ ಪೇಷಂಟುಗಳ ಮಂಚ ತಳ್ಳೋ ಕೆಲಸ. ಬೆಂಚಿನ ಕಟ್ಟಕಡೆಯಲ್ಲಿ, ಟವಲುಗಳ ಪಕ್ಕ, ಬಿಗಿಯಾಗಿ ಜಾಕೆಟ್ ಹಾಕ್ಕೊಂಡು ಕೂರ್ತಾರೆ. ಮ್ಯಾಚ್ ಆಗಲೇ ಗೆದ್ದಾಯ್ತು ಅಥವಾ ಸೋತಾಯ್ತು ಅನ್ನೋವಾಗ ಕೋಚ್ ಅವರನ್ನು ಒಂದೆರಡು ನಿಮಿಷ ಇಳಿಸ್ತಾರೆ. ಆಗ ನಾನು ಏನು ಮಾಡ್ತಿದ್ದೆ? ಧ್ವನಿ ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಮುಖ್ಯ ಅತಿಥಿಗಳನ್ನು ವೇದಿಕೆಗೆ ಕರೆದ ಹಾಗೆ, "ಈಗ ನಮ್ಮ ಹಿರಿಯರು, ದಯವಿಟ್ಟು ಚಪ್ಪಾಳೆ" ಅಂತಿದ್ದೆ. ಶಾಲು, ಹಾರ ಇರಲಿಲ್ಲ ಅಷ್ಟೇ.

ಚಪ್ಪಾಳೆ ಬೀಳ್ತಿತ್ತು. ಎಂಥ ಚಪ್ಪಾಳೆ ಅಂತ ನಿಮಗೂ ಗೊತ್ತು.

ಹೆಸರನ್ನೂ ಹೇಳ್ತಿರಲಿಲ್ಲ. ದೊಡ್ಡವರ ಹೆಸರು ಹಿಡಿದು ಕೂಗೋದು ಹೇಗೆ? ನಮ್ಮ ಮನೆಯಲ್ಲಿ ಬೆಳೆಸಿದ್ದೇ ಹಾಗೆ. ಫ್ಯಾಮಿಲಿ ಗ್ರೂಪಿನಲ್ಲಿ ನಾನು ಚಿಕ್ಕಪ್ಪ, ಅತ್ತೆ, ಅಪ್ಪ, ಎಲ್ಲರ ಧ್ವನಿಯಲ್ಲೂ ವಾಯ್ಸ್ ನೋಟ್ ಬಿಡ್ತೀನಿ. ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿರೋ ದೊಡ್ಡಪ್ಪನದು ಮಾತ್ರ ಇಲ್ಲ. ಅವರು ಡಾಕ್ಟರು. ಮನೆಗೇ ಹಿರಿಯರು. ವಿಡಿಯೋ ಕಾಲ್‌ಗೆ ಅವರು ಸೇರಿದ ಕೂಡಲೇ ಎಲ್ಲರೂ ಕಾಲು ಮಡಚಿ ಕೂತ್ಕೊಳ್ತೀವಿ. ಅವರು "ಹ್ಞಾಂ, ಮಾತಾಡಿ ಮಾತಾಡಿ" ಅಂತಾರೆ. ಯಾರೂ ಮಾತಾಡಲ್ಲ. ಅವರು ಹೊರಡ್ತಾರೆ. ಆಮೇಲೆ ಮಾತು ಶುರುವಾಗುತ್ತೆ.

ಇರಲಿ. ಚಾಂಪಿಯನ್‌ಶಿಪ್ ಸೀರೀಸ್‌ಗೆ ಬರ್ತೀನಿ.

ಮೂರರಲ್ಲಿ ಎರಡು ಗೆದ್ದವರಿಗೆ ಕಪ್ಪು. ಮೊದಲನೇದು ಬಟಾಂಗಾಸ್ ಗೆದ್ದಿತ್ತು, ಎರಡನೇದು ಇಲೋಯ್ಲೋ. ಮೂರನೇದು ಭಾನುವಾರ, ರನ್‌ಕಾರ್ನ್ ಹತ್ತಿರದ ಹಾಲ್‌ನಲ್ಲಿ. ನಾನು ಮೈಕ್ ಟೆಸ್ಟ್ ಮಾಡ್ತಿದ್ದಾಗ ಕುಯಾ ನೊನೊಯ್ ಬಂದು ಮೇಲಿನ ಪ್ರಶ್ನೆ ಕೇಳಿದ್ದು.

"ನೀವು ದೊಡ್ಡವರು," ಅಂದೆ. "ನಮ್ಮಲ್ಲಿ ದೊಡ್ಡವರಿಗೆ ಮರ್ಯಾದೆ..."

"ದೊಡ್ಡವನು ಅಂದ್ರೆ ಸತ್ತವನಾ?" ಅದೇ ಇಲೋಯ್ಲೋ ಮೆತ್ತಗಿನ ಧ್ವನಿ. "ಸತ್ತವರ ಬಗ್ಗೆ ಮಾತ್ರ ನಾವು ಹೀಗೆ ಬರೀ ಒಳ್ಳೇದು ಹೇಳೋದು."

ಮೈಕ್ ಆಫ್ ಮಾಡಿದೆ. (ಅಮ್ಮ ಇದನ್ನು ಓದಿದರೆ ನಂಬಲ್ಲ.)

ಆಮೇಲೆ ಅವರೇ ಹೇಳಿದರು. ಇದು ಅವರ ಕೊನೇ ಮ್ಯಾಚು. ಮುಂದಿನ ವಾರ ಅಡಿಲೇಡ್‌ಗೆ ಹೊರಟಿದ್ದಾರೆ, ಮಗಳ ಮನೆಗೆ. ಸಾಮಾನು ಕಟ್ಟೋಕೆ ಮಗಳು ಬಂದಿದ್ದಾಳೆ. ಅವಳು ಅಡಿಲೇಡ್‌ನಲ್ಲಿ ಕೂತು ಈ ಲೀಗ್‌ನ ಲೈವ್ ವಿಡಿಯೋ ನೋಡ್ತಾಳಂತೆ. "ಎಲ್ಲರ ಹೆಸರೂ ಬರುತ್ತೆ. ನಂದು ಬರಲ್ಲ. 'ಪಾಪಾ, ನೀವು ನಿಜವಾಗ್ಲೂ ಟೀಮಲ್ಲಿ ಇದ್ದೀರಾ, ಇಲ್ಲ ಟವಲ್ ಕೊಡೋಕೆ ಹೋಗ್ತೀರಾ' ಅಂತ ಕೇಳ್ತಾಳೆ. ಇವತ್ತು ಅವಳು ಮೂರನೇ ಸಾಲಲ್ಲಿ ಕೂತಿದ್ದಾಳೆ. ಒಂದಾದ್ರೂ ಕೆಟ್ಟ ಮಾತು ಹೇಳು."

ಹೇಳಿ ಹೋಗಿ ಬೆಂಚಿನ ತುದಿಯಲ್ಲಿ ಕೂತರು.

ಎರಡನೇ ಶಾಕ್ ಆಗ ಹೊಡೆದಿದ್ದು. ಏನು ಹೇಳಲಿ? ನನ್ನ ತಲೆಯಲ್ಲಿ ಈ ಮನುಷ್ಯರ ಬಗ್ಗೆ ಏನೂ ಇರಲಿಲ್ಲ. ವ್ಯಾಲಿ ಸ್ಟೇಷನ್‌ನಲ್ಲಿ ಅನೌನ್ಸ್‌ಮೆಂಟ್ ಮಾಡುವವನ ಮೂಗಿನ ಧ್ವನಿ ನನಗೆ ಬಾಯಿಪಾಠ. ನಮ್ಮ ಏರಿಯಾದ ಪೆಟ್ರೋಲ್ ಬಂಕಿನವನು (ಇಲ್ಲಿ ಅದಕ್ಕೆ 'ಸರ್ವೋ' ಅಂತಾರೆ) ಚಿಲ್ಲರೆ ಕೊಡುವಾಗ ಹುಬ್ಬು ಹಾರಿಸೋದು ಗೊತ್ತು. ಇಡೀ ಸೀಸನ್ ಎದುರಿಗೇ ಕೂತಿದ್ದ ಇವರು ಹೇಗೆ ನಡೀತಾರೆ, ಹೇಗೆ ನಗ್ತಾರೆ? ಗೊತ್ತಿಲ್ಲ. ಕಾಲೆಳೀಬೇಕಂದ್ರೆ ಮೊದಲು ನೋಡ್ಬೇಕು. ಮರ್ಯಾದೆ ಕೊಡೋಕೆ ನೋಡೋ ಅಗತ್ಯವೇ ಇರಲಿಲ್ಲ.

ಹಾಗಾಗಿ ಅರ್ಧ ಮ್ಯಾಚ್ ನಾನು ಕೋರ್ಟ್ ನೋಡಲಿಲ್ಲ, ಬೆಂಚ್ ನೋಡಿದೆ. ಪಾಯಿಂಟ್ ಹೇಳೋದು ಎರಡು ಸಲ ತಪ್ಪಿ ಬಟಾಂಗಾಸ್‌ನವರಿಂದ ಉಗಿಸಿಕೊಂಡೆ.

ಏನೇನು ಕಂಡಿತು ಗೊತ್ತಾ? ಇಲೋಯ್ಲೋದವರು ಬಾಲ್ ಎಸೆದಾಗಲೆಲ್ಲ ಕೂತಲ್ಲೇ ಅವರ ಬಲಗಾಲು ನೆಲದಿಂದ ಮೇಲೇಳುತ್ತೆ. ಜೆರೋಮ್ ಮಿಸ್ ಮಾಡಿದರೆ ಅವನನ್ನು ನೋಡಲ್ಲ, ತಪ್ಪು ಸೂರಿನದು ಅನ್ನೋ ಹಾಗೆ ಮೇಲೆ ನೋಡ್ತಾರೆ. ಮತ್ತೆ ಆ ಜಾಕೆಟ್ಟು. ಪ್ರತಿ ಟೈಮ್‌ಔಟ್‌ಗೂ ಕೋಚ್ ಬೆಂಚಿನ ಕಡೆ ತಿರುಗಿದ ತಕ್ಷಣ ಜಿಪ್ಪನ್ನು ಅರ್ಧ ಇಳಿಸ್ತಾರೆ. ಕೋಚ್ ಬೇರೆ ಯಾರನ್ನೋ ಕರೆದ ಮೇಲೆ, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ನಿಧಾನಕ್ಕೆ ಮತ್ತೆ ಏರಿಸ್ತಾರೆ.

ಇಡೀ ಸೀಸನ್ ಹೀಗೇ ಮಾಡಿರಬೇಕು.

ಮೂರನೇ ಕ್ವಾರ್ಟರ್‌ನ ಟೈಮ್‌ಔಟ್‌ನಲ್ಲಿ ಮೈಕ್ ಎತ್ತಿಕೊಂಡೆ.

"ಮಹನೀಯರೇ, ಬೆಂಚಿನಿಂದ ಬ್ರೇಕಿಂಗ್ ನ್ಯೂಸ್. ಕುಯಾ ನೊನೊಯ್ ಅವರ ಜಿಪ್ಪು ಕೆಳಗಿಳಿದಿದೆ. ಕೋಚ್ ನೋಡಿದರು... ಕೋಚ್ ನೋಡಲಿಲ್ಲ. ಜಿಪ್ಪು ಮತ್ತೆ ಮೇಲೆ. ಈ ಸೀಸನ್‌ನಲ್ಲಿ ಇಲೋಯ್ಲೋ ಟೀಮಿನಲ್ಲಿ ಅತಿ ಹೆಚ್ಚು ಓಡಿರೋದು ಈ ಜಿಪ್ಪೇ."

ಹಾಲ್ ಸಿಡಿಯಿತು. ಕುಯಾ ನೊನೊಯ್ ಮುಖ ಟವಲಿನಲ್ಲಿ. ಭುಜ ಕುಲುಕ್ತಿತ್ತು. ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಫೋನಿನಲ್ಲಿ ಹಿಡೀತಿದ್ದಳು.

ಅಲ್ಲಿಂದ ಮುಂದೆ ಟೈಮ್‌ಔಟ್ ಬಂದರೆ ಸಾಕು, ಇಡೀ ಹಾಲ್ "ಜಿಪ್, ಜಿಪ್, ಜಿಪ್". ಬಟಾಂಗಾಸ್‌ನವರೂ ಸೇರಿ. ಕೋಚ್ ತಲೆ ಅಲ್ಲಾಡಿಸ್ತಾ ಬೇರೆಯವರನ್ನೇ ಕಳಿಸ್ತಿದ್ದರು. ತಪ್ಪಲ್ಲ. ಒಂದೊಂದು ಪಾಯಿಂಟಿಗೂ ಒದ್ದಾಟ. ಕಪ್ಪು ಎದುರಿಗಿದೆ.

ಕೊನೇ ಕೆಲವು ಸೆಕೆಂಡು. ಇಲೋಯ್ಲೋ ಒಂದು ಪಾಯಿಂಟ್ ಹಿಂದೆ. ಆಗಲೇ ಜೆರೋಮ್ ತನ್ನ ಐದನೇ ಫೌಲ್ ಮಾಡಿದ. ಐದಾದರೆ ಆಟಗಾರ ಹೊರಗೆ. ಕೋಚ್ ಬೆಂಚಿನ ಕಡೆ ತಿರುಗಿದರು. ಜನ ಕೂಗ್ತಿದ್ದರು. ಕೋಚ್ ಒಮ್ಮೆ ಜನರನ್ನು, ಒಮ್ಮೆ ನನ್ನನ್ನು ದುರುಗುಟ್ಟಿ ನೋಡಿ, ಬೆಂಚಿನ ತುದಿಗೆ ಕೈ ತೋರಿಸಿದರು.

ಜಿಪ್ಪು ಪೂರ್ತಿ ಇಳಿಯಿತು.

ಆ ಫೌಲಿಗೆ ಸಿಕ್ಕ ಫ್ರೀ ಥ್ರೋ ಬಟಾಂಗಾಸ್ ಮಿಸ್ ಮಾಡಿತು. ಬಾಲ್ ಇಲೋಯ್ಲೋಗೆ ಸಿಕ್ಕಿತು. ಎಲ್ಲರೂ ಚುರುಕಿನ ಹುಡುಗರನ್ನು ಮುತ್ತಿಕೊಂಡಿದ್ದರಿಂದ ಬಲಮೂಲೆಯಲ್ಲಿ ಒಬ್ಬರೇ ಫ್ರೀ. ಬಾಲ್ ಅವರ ಕೈಗೆ ಬಂತು. ಕುಯಾ ನೊನೊಯ್ ಎರಡೂ ಕೈಯಲ್ಲಿ, ಎದೆಯಿಂದ, ಹಳೇ ಕಾಲದ ಸ್ಟೈಲಿನಲ್ಲಿ ಎಸೆದರು. ಬಲಗಾಲು ಮೇಲೆದ್ದಿತ್ತು.

ಬಾಲ್ ರಿಂಗಿಗೂ ತಗಲಲಿಲ್ಲ, ಬೋರ್ಡಿಗೂ ತಗಲಲಿಲ್ಲ. ಎಮರ್ಜೆನ್ಸಿ ಬಾಗಿಲಿಗೆ ಹೊಡೆಯಿತು. ಸೈರನ್ ಆಯ್ತು. ಕಪ್ಪು ಬಟಾಂಗಾಸ್‌ಗೆ.

ಬಟಾಂಗಾಸ್‌ನವರು ಕೂಡ ಕುಣಿಯೋಕೆ ಮರೆತಿದ್ದರು. ಕುಯಾ ನೊನೊಯ್ ಮೂಲೆಯಲ್ಲಿ ಹಾಗೇ ನಿಂತಿದ್ದರು, ಕೈ ಇನ್ನೂ ಮೇಲೆ. ಎಲ್ಲರೂ ನನ್ನನ್ನು ನೋಡಿದರು. ಮೈಕ್ ನನ್ನ ಕೈಯಲ್ಲಿ. ನಾಲಿಗೆ ತುದಿಯಲ್ಲಿ ಆಗಲೇ "ಹಿರಿಯರ ಪ್ರಯತ್ನಕ್ಕೆ ಚಪ್ಪಾಳೆ" ಬಂದು ಕೂತಿತ್ತು. ಸೇಫು. ಮರ್ಯಾದಸ್ಥ. ಸತ್ತವರಿಗೆ ಹೇಳೋ ಹಾಗೆ.

ನುಂಗಿಕೊಂಡೆ.

"ಕುಯಾ ನೊನೊಯ್ ಮುಂದಿನ ವಾರ ಅಡಿಲೇಡ್‌ಗೆ ಹೋಗ್ತಿದ್ದಾರೆ," ಅಂದೆ. "ಬಾಲ್ ಮಾತ್ರ ಇವತ್ತೇ ಹೊರಟಿದೆ."

ಮೊದಲು ನಕ್ಕವರು ಅವರೇ. ಆ ಮೆತ್ತಗಿನ ಮನುಷ್ಯನ ಒಳಗೆ ಅಂಥ ನಗು ಎಲ್ಲಿತ್ತೋ. ಆಮೇಲೆ ಬಟಾಂಗಾಸ್‌ನ ಹೊಟ್ಟೆ ಓಡಿ ಬಂದು ಅವರನ್ನು ಎತ್ತಿಕೊಂಡಿತು. ಗೆದ್ದವರು ಸೋತವರನ್ನು ಹೊತ್ತು ಒಂದು ಸುತ್ತು ಹಾಕಿದರು. ನಮ್ಮ ಕ್ರಿಕೆಟ್ ಟೀಮಿನಲ್ಲಿ ಆಗಿದ್ದರೆ? ಅಷ್ಟು ಹೊತ್ತಿಗೆ ವಾಟ್ಸಾಪ್ ಗ್ರೂಪಿನಿಂದ ತೆಗೆದಿರ್ತಿದ್ದರು.

ನಾನು ಜೆರೋಮ್ ಹತ್ತಿರ ಹೋಗಿ, "ನನ್ನ ಬಾಯಿಂದ ನಿಮ್ಮ ಕಪ್ಪು ಹೋಯ್ತು ಕಣೋ" ಅಂದೆ.

"ಸೋತಿದ್ದು ನಾನು ಐದು ಫೌಲ್ ಮಾಡಿದ್ದಕ್ಕೆ," ಅಂದ ಅವನು, ಶೂ ಬಿಚ್ಚುತ್ತಾ. "ನಿಂಗೆ ಅಷ್ಟೆಲ್ಲ ಪವರ್ ಇಲ್ಲ. ಅನ್ನ ತಿನ್ನು ಬಾ."

ಊಟದ ಟೇಬಲ್ ಹತ್ತಿರ ಕುಯಾ ನೊನೊಯ್ ಮಗಳನ್ನು ಕರ್ಕೊಂಡು ಬಂದರು. ನನ್ನ ಹೆಗಲ ಮೇಲೆ ಕೈ ಹಾಕಿ, ಮಗ ಮೆಡಿಕಲ್ ಸೀಟ್ ತಗೊಂಡ ಅನ್ನೋ ಹೆಮ್ಮೆಯಲ್ಲಿ ಹೇಳಿದರು: "ನನ್ನನ್ನು ಬೈದಿದ್ದು ಇವನೇ."

ಮನೆಗೆ ಬಂದೆ. ಸಂಜೆ. ಕೈ ಸುಮ್ಮನಿರಲಿಲ್ಲ. ಫ್ಯಾಮಿಲಿ ಗ್ರೂಪ್ ತೆಗೆದು, ಇಷ್ಟು ವರ್ಷ ಮುಟ್ಟದ ಧ್ವನಿಯಲ್ಲಿ ವಾಯ್ಸ್ ನೋಟ್ ಮಾಡಿದೆ. ದೊಡ್ಡಪ್ಪನ ಧ್ವನಿ. ಅವರು ಏನನ್ನೇ ವಿಚಾರಿಸಿದರೂ ಪೇಷಂಟನ್ನು ಕೇಳಿದ ಹಾಗೇ ಕೇಳೋದು. "ಹ್ಞಾಂ... ಈ ಬಾಸ್ಕೆಟ್‌ಬಾಲು ನಿನಗೆ ಎಷ್ಟು ದಿನದಿಂದ ಇದೆ? ಊಟಕ್ಕೆ ಮುಂಚೆ ಬರುತ್ತಾ, ಊಟ ಆದ್ಮೇಲಾ? ಎಲ್ಲಿ, ನಾಲಿಗೆ ತೋರಿಸು."

ಕಳಿಸಿಬಿಟ್ಟೆ.

ಒಬ್ಬೊಬ್ಬರೇ ಕೇಳಿದ್ದು ಕಾಣ್ತಿತ್ತು, ಯಾರೂ ಉಸಿರೆತ್ತಲಿಲ್ಲ. ಅತ್ತೆ ಮಗಳು ಪ್ರೈವೇಟಾಗಿ ಮೆಸೇಜ್ ಹಾಕಿದಳು: "ನಿನ್ನ ಕಥೆ ಮುಗೀತು. ನಿನ್ನ ಲ್ಯಾಪ್‌ಟಾಪ್ ನಂಗೆ." ಅಪ್ಪ ಫೋನ್ ಮಾಡಿದರು. ಎತ್ತಲಿಲ್ಲ.

ಪರ್ತ್‌ನಿಂದ ಉತ್ತರ ಬಂತು. ಯಾವತ್ತೂ ಹೆಬ್ಬೆರಳು ಬಿಟ್ಟು ಬೇರೇನೂ ಕಳಿಸದ ದೊಡ್ಡಪ್ಪ ವಾಯ್ಸ್ ನೋಟ್ ಕಳಿಸಿದ್ದರು. ಒತ್ತಿದೆ.

"ನಾಲಿಗೆ ತೋರಿಸು ಅನ್ನೋದು ಮೊದಲು ಬರ್ಬೇಕು ಕಣೋ," ಅಂದರು. "ಮಿಕ್ಕಿದ್ದು ಪರವಾಗಿಲ್ಲ. ಈಗ ಇದು ಯಾರು ಹೇಳು."

ಆಮೇಲೆ ಫೋನಿನಲ್ಲಿ ನಾನು ಮಾತಾಡಿದೆ. ಅಂದರೆ, ದೊಡ್ಡಪ್ಪ ನಾನಾಗಿ ಮಾತಾಡಿದರು. ಗಡಿಬಿಡಿ, ನಡುನಡುವೆ ಎಳೆಯೋ ಉಸಿರು, ಸುಮ್ಮಸುಮ್ಮನೆ ತುರುಕೋ ಇಂಗ್ಲಿಷು, ಕೊನೆಗೆ ಜೋಕ್ ಹೇಳೋಕೆ ಮುಂಚೆಯೇ ಬರೋ ನನ್ನ ಆ ದರಿದ್ರ ನಗು. ಒಂದು ಚೂರೂ ತಪ್ಪಿಲ್ಲ. ನಾನು ಯಾರನ್ನೂ ಅಷ್ಟು ಚೆನ್ನಾಗಿ ಮಾಡಿಲ್ಲ.

ಅಷ್ಟು ಪಕ್ಕಾ ಆಗ್ಬೇಕಂದ್ರೆ ವರ್ಷಗಟ್ಟಲೆ ಪ್ರಾಕ್ಟೀಸ್ ಬೇಕು, ಅದು ನನಗೆ ಗೊತ್ತು. ಇಷ್ಟು ವರ್ಷ ಪಿಯಾರಾ ವಾಟರ್ಸ್‌ನಲ್ಲಿ ಕೂತು ಅದನ್ನೆಲ್ಲ ಅವರು ಯಾರಿಗೆ ಮಾಡಿ ತೋರಿಸ್ತಿದ್ದರು?