ಬೈಗುಳವಿಲ್ಲದ ನ್ಗಲಾಖ್

ಮಧ್ಯಾಹ್ನ ಊಟಕ್ಕೆ ಎಷ್ಟು ಜನ ಎಂದು ಕೇಳಿದರೆ ಯಾಂದೆ ಫಾಯ್‌ಗೆ ಸಿಟ್ಟು ಮೂಗಿನ ತುದಿಗೇ ಬರುತ್ತದೆ. "ಹರಿವಾಣ ಕೆಳಗಿಟ್ಟ ಮೇಲೆ ನೀವೇ ಎಣಿಸ್ಕೊಳ್ಳಿ" ಎನ್ನುತ್ತಾಳೆ. ತಿಯೆಸ್ ಊರಿನ ರೈಲ್ವೆ ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲಿ ಅವಳ ಮನೆ. ಆ ಮನೆಯ ಬಾಗಿಲಿಗೆ ಚಿಲಕವಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಹಾಕಿದ್ದನ್ನು ಕಂಡವರಿಲ್ಲ. ಮೀನಿನ ಅನ್ನದ ಘಮ ಬೀದಿಗೆ ಬಿದ್ದರೆ ಸಾಕು, ಗಂಡ ಜೆಗಾನನ ಹಿಂದೆ ವರ್ಕ್‌ಶಾಪಿನವರು ಬರುತ್ತಾರೆ, ದಾರಿಯಲ್ಲಿ ಹೋಗುತ್ತಿದ್ದವರು ದಾರಿ ತಪ್ಪಿದಂತೆ ಬರುತ್ತಾರೆ. ಯಾಂದೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೀನನ್ನು ಇನ್ನಷ್ಟು ಸಣ್ಣಗೆ ಮುರಿಯುತ್ತಾಳೆ, ಅಷ್ಟೆ.

ಒಂದೇ ಹರಿವಾಣದ ಸುತ್ತ ಎಲ್ಲರೂ ಕೂರುತ್ತಾರೆ. ಯಾಂದೆ ನಡುವಿನ ಮೀನನ್ನು ಬಿಡಿಸಿ ಒಬ್ಬೊಬ್ಬರ ಮುಂದಕ್ಕೆ ತಳ್ಳುತ್ತಾಳೆ. ಗೆಣಸು ಇವನಿಗೆ, ಬದನೆ ಅವಳಿಗೆ, ನೆಂಟರ ಮುಂದೆ ಬೆನ್ನಿನ ತುಂಡು. ಕೊನೆಗೆ ಅವಳ ಪಾಲಿಗೆ ಉಳಿಯುವುದು ಮುಳ್ಳು. ಅದರ ಬಗ್ಗೆ ಅವಳಿಗೆ ದೂರಿಲ್ಲ. ಪಾತ್ರೆಯ ತಳ ಹಿಡಿದ ಸೀಕಲನ್ನು ಮೊದಲೇ ಕೆರೆದು ಮುಚ್ಚಿಟ್ಟಿರುತ್ತಾಳಲ್ಲ!

ಇಂಥ ಹೆಂಗಸು ಈ ಊರಿಗೆ ಮದುವೆಯಾಗಿ ಬಂದ ಹೊಸದರಲ್ಲಿ ದಿನವೂ ಅಳುತ್ತಿದ್ದಳು ಎಂದರೆ ನೀವು ನಂಬಲಿಕ್ಕಿಲ್ಲ. ಸಮುದ್ರದ ಪಕ್ಕದ ಹಳ್ಳಿಯವಳು, ಇಲ್ಲಿ ಗಾಳಿಯಲ್ಲಿ ಉಪ್ಪಿಲ್ಲ ಎಂದು ಅಳು. ಒಂದು ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ಮೂಗೊರೆಸಿಕೊಳ್ಳುತ್ತ ನಿಂತಿದ್ದಾಗ ಪಕ್ಕದ ಮನೆಯ ಎತ್ತರದ ಹೆಂಗಸು ಹೆಸರು ಕೇಳಿದಳು.

"ಯಾಂದೆ ಫಾಯ್."

"ಫಾಯ್? ಸೆರೇರ್‌ನವಳಾ? ಅಬ್ಬಾ, ಕೊನೆಗೂ ನಮ್ಮನೆ ಆಳು ಬಂದ್ಳಪ್ಪ! ನಾನು ಪೆಂದಾ ಕಾನ್, ತುಕುಲೋರ್. ನಿನ್ನ ಬಿಂದಿಗೆ ಪಕ್ಕಕ್ಕಿಡು, ಮೊದ್ಲು ನಂದು ತುಂಬ್ಸು."

ಯಾಂದೆಯ ಅಳು ಅಲ್ಲೇ ನಿಂತಿತು. "ಯಾರೇ ಆಳು? ನಮ್ಮಜ್ಜ ಅನ್ನ ಹಾಕ್ದೇ ಇದ್ದಿದ್ರೆ ನಿಮ್ಮಜ್ಜ ಇವತ್ತಿಗೂ ದನದ ಹಿಂದೆ ಅಲೀತಿದ್ದ!"

ಸೆರೇರ್ ಕುಲಕ್ಕೂ ತುಕುಲೋರ್ ಕುಲಕ್ಕೂ ಇದು ಹುಟ್ಟಿನಿಂದ ಬಂದ ಸಲಿಗೆ. ಕಂಡ ಕೂಡಲೇ ಬೈಯಬೇಕು, ಬೈಸಿಕೊಂಡವರು ನಗಬೇಕು, ಕೋಪ ಮಾಡಿಕೊಂಡವರು ಸೋತಂತೆ. ಅವತ್ತು ಯಾಂದೆ ತುಂಬಿದ ಬಿಂದಿಗೆ ಹೊತ್ತು ನಗುತ್ತ ಮನೆಗೆ ಬಂದಳು. ಮತ್ತೆ ಅಳಲಿಲ್ಲ.

ಅಲ್ಲಿಂದ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಯಾಂದೆಯದು ಇಗರ್ಜಿ, ಪೆಂದಾಳದು ಮಸೀದಿ. ಬಕ್ರೀದಿಗೆ ಆ ಮನೆಯಿಂದ ಕುರಿಯ ತೊಡೆ ಬರುತ್ತಿತ್ತು. ಶುಭ ಶುಕ್ರವಾರಕ್ಕೆ ಈ ಮನೆಯಿಂದ ನ್ಗಲಾಖ್ ಹೋಗುತ್ತಿತ್ತು. ಹಬೆಯಲ್ಲಿ ಬೇಯಿಸಿದ ಸಜ್ಜೆ ಹಿಟ್ಟಿನ ಸಣ್ಣ ಕಾಳು, ನುಣ್ಣಗೆ ಅರೆದ ಶೇಂಗಾ, ದೊಡ್ಡಹುಣಸೆ ಕಾಯಿಯ ಹುಳಿಹಿಟ್ಟು ನೆನೆಸಿ ಹಿಂಡಿದ ರಸ, ಸಕ್ಕರೆ, ಜಾಯಿಕಾಯಿ, ಒಣದ್ರಾಕ್ಷಿ. ಕೈ ಸೋಲುವವರೆಗೆ ತಿರುವಿ ತಣ್ಣಗೆ ಮಾಡಿ, ಬಕೆಟ್ಟುಗಟ್ಟಲೆ ಇಡೀ ಬೀದಿಗೆ ಹಂಚಬೇಕು. ತನಗೆಂದು ಮಾಡಿಕೊಳ್ಳುವ ತಿಂಡಿಯೇ ಅಲ್ಲ ಅದು.

ಪ್ರತಿ ವರ್ಷ ಪೆಂದಾ ಬಂದು ಬಕೆಟ್ಟಿನ ಪಕ್ಕವೇ ಕೂತು ಒಂದು ಚಮಚ ಬಾಯಿಗಿಟ್ಟು ತೀರ್ಪು ಕೊಡುತ್ತಿದ್ದಳು. "ಥೂ, ನೀರು! ಶೇಂಗಾ ಎಲ್ಲಾ ನೀನೇ ಮುಕ್ಕಿದ್ಯಾ?" ಇನ್ನೊಂದು ವರ್ಷ, "ಏನೇ ಇದು, ಗೋಡೆಗೆ ಮೆತ್ತೋ ಗಾರೆನಾ?" ಅವಳ ಗಂಡ ದೆಂಬಾ ಮಾತ್ರ ಏನೂ ಹೇಳುತ್ತಿರಲಿಲ್ಲ. ಎರಡು ಬೋಗುಣಿ ಹಿಡಿದು ನಿಲ್ಲುತ್ತಿದ್ದ. ಒಂದು ಮನೆಗೆ. ಇನ್ನೊಂದನ್ನು ತನ್ನ ಮನೆಯ ಗೇಟಿನಲ್ಲೇ ನಿಂತು ಖಾಲಿ ಮಾಡುತ್ತಿದ್ದ.

ಹೋದ ಮಳೆಗಾಲದಲ್ಲಿ ಆ ದೆಂಬಾ ತೀರಿಕೊಂಡ. ಮಧ್ಯಾಹ್ನ ಮಲಗಿದವನು ಏಳಲಿಲ್ಲ.

ಯಾಂದೆ ಕೈಯಲ್ಲಿದ್ದ ಸೌಟು ಬಿಸಾಕಿ ಓಡಿದಳು. ಅಂಗಳದ ತುಂಬ ಜನ, ಚಾಪೆಯ ನಡುವೆ ಬಿಳಿ ಬಟ್ಟೆಯಲ್ಲಿ ಪೆಂದಾ. ಬಾಗಿಲಲ್ಲಿ ನಿಂತ ಯಾಂದೆಯ ನಾಲಿಗೆಗೆ ತಾನಾಗಿಯೇ ಒಂದು ಮಾತು ಬಂದಿತ್ತು: ಓಡಿಹೋದ್ನಲ್ಲೇ ನಿನ್ನ ಗಂಡ, ನಿನ್ನ ಕೈ ಅಡುಗೆ ತಿಂದೂ ತಿಂದೂ ಸಾಕಾಗಿ! ಆದರೆ ಗೆಳತಿಯ ಮುಖ ನೋಡಿದಳು. ಬಂದ ಮಾತನ್ನು ನುಂಗಿಕೊಂಡಳು. ಪಕ್ಕದಲ್ಲಿ ಕೂತು, ಕೈ ಹಿಡಿದು, "ದೇವರು ನಿಮಗೆ ಸಮಾಧಾನ ಕೊಡಲಿ" ಎಂದು ಅತ್ತಳು.

ಪೆಂದಾ ಅವಳನ್ನೊಮ್ಮೆ ನೋಡಿ, ಮೆಲ್ಲಗೆ ಕೈ ಬಿಡಿಸಿಕೊಂಡಳು.

ಅವತ್ತಿನಿಂದ ಪೆಂದಾ ಬೈಯುವುದನ್ನು ಬಿಟ್ಟಳು. ಯಾಂದೆಯ ಸಂಕಟ ಇಷ್ಟೇ. ಆದರೆ ಇದಕ್ಕಿಂತ ದೊಡ್ಡದು ಅವಳಿಗೆ ಬೇರೆ ಇರಲಿಲ್ಲ. ಮೀನಿನ ಅನ್ನ ಕಳಿಸಿದರೆ ಪಾತ್ರೆ ತೊಳೆದು ವಾಪಸ್ಸು ಬರುತ್ತಿತ್ತು, ಜೊತೆಗೆ "ತುಂಬಾ ಚೆನ್ನಾಗಿತ್ತು, ಉಪಕಾರವಾಯಿತು" ಎಂಬ ಮಾತು. ಉಪಕಾರವಂತೆ! ಸೂತಕದ ತಿಂಗಳುಗಳು ಮುಗಿದ ಮೇಲೂ ಅವಳು ಹರಿವಾಣದ ಹತ್ತಿರ ಬರಲಿಲ್ಲ. ಪಾಪ, ದುಃಖ ಇನ್ನೂ ಇಳಿದಿಲ್ಲ ಎಂದುಕೊಂಡು ಯಾಂದೆ ಇನ್ನೂ ಮೆತ್ತಗೆ ಮಾತಾಡಿದಳು, ಇನ್ನೂ ದೊಡ್ಡ ಮೀನಿನ ತುಂಡು ಕಳಿಸಿದಳು. ಅತ್ತಲಿಂದ ಇನ್ನೂ ಹೆಚ್ಚು ಮರ್ಯಾದೆ ಬಂತು. ಎದುರುಬದುರು ಸಿಕ್ಕರೆ ಇಬ್ಬರೂ ಬೀಗರ ಹಾಗೆ ತಲೆಬಾಗಿ ಹೋಗುತ್ತಿದ್ದರು.

ಈ ಸಲದ ಶುಭ ಶುಕ್ರವಾರ ಹತ್ತಿರ ಬಂತು. ಯಾಂದೆ ಶೇಂಗಾ ತರಲು ಮಾರ್ಕೆಟ್ಟಿಗೆ ಹೋದಳು. ಮೀನಿನ ಸಾಲಿನಿಂದ ಒಂದು ದನಿ ಕೇಳಿತು, ಅವಳು ಅಲ್ಲೇ ನಿಂತಳು.

"ಏ ಸೆರೇರ್ ಹುಡುಗಿ, ಈ ಮೀನು ಹಿಡಿದಿದ್ದು ನಿಮ್ಮ ಮುತ್ತಜ್ಜನಾ? ವಾಸನೆ ಹಾಗೇ ಹೇಳ್ತಿದೆ!"

ಪೆಂದಾಳೇ! ಮೀನು ಮಾರುವ ಹುಡುಗಿ ಮೊಸ್ಸಾನ್ ಬಿಡುವವಳೇ? "ಬೇಡ್ದಿದ್ರೆ ಬಿಡಿ ಅಮ್ಮಾ. ಗಂಡನ ಪಾಲೂ ಈಗ ನೀವೇ ತಿಂತಿದ್ದೀರಿ ಅಂತ ಸೊಂಟ ನೋಡಿದ್ರೇ ಗೊತ್ತಾಗತ್ತೆ!"

ಯಾಂದೆ ಎದೆ ಹಿಡಿದುಕೊಂಡಳು. ಸತ್ತವನ ಮಾತು ಎತ್ತಿದಳಲ್ಲ ಈ ಪಾಪಿ, ಈಗ ಪೆಂದಾ ಕುಸಿದೇ ಹೋಗುತ್ತಾಳೆ ಎಂದುಕೊಂಡಳು. ಪೆಂದಾ ಕುಸಿಯಲಿಲ್ಲ. ಮೀನಿನ ಕಟ್ಟೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಈರುಳ್ಳಿ ಮೂಟೆಯ ಹಿಂದೆ ನಿಂತ ಯಾಂದೆಗೆ ಹೊಟ್ಟೆ ಉರಿದುಹೋಯಿತು. ಅಂದರೆ ಇವಳಿಗೆ ನಾಲಿಗೆ ಇದೆ, ನಗುವೂ ಇದೆ. ನನ್ನ ಪಾಲಿಗೆ ಮಾತ್ರ ಇಲ್ಲ.

ಮನೆಗೆ ಬಂದು ಜೆಗಾನನ ಮುಂದೆ ಶೇಂಗಾ ಚೀಲ ಕುಕ್ಕಿದಳು. "ನಿನ್ನೆ ಮೊನ್ನೆ ಬಂದ ಹುಡುಗಿ ಜೊತೆ ಹಲ್ಲು ಕಿಸೀತಾಳೆ! ನಾನೇನ್ರೀ ಮಾಡಿದ್ದೆ ಅವಳಿಗೆ?"

ಜೆಗಾನ್ ಮಾತು ಕಡಿಮೆಯ ಮನುಷ್ಯ. ಒಂದು ಶೇಂಗಾ ಬಿಡಿಸಿ ಬಾಯಿಗೆ ಹಾಕಿಕೊಂಡ. "ದೆಂಬಾ ಹೋದ ದಿನ ನೀನು ಏನಂದೆ?"

"ದೇವ್ರು ಸಮಾಧಾನ ಕೊಡ್ಲಿ ಅಂದೆ. ಇನ್ನೇನು ಅನ್ಬೇಕು? ಅತ್ತೆ."

"ಅಳೋಕೆ ಅಂಗಳದ ತುಂಬ ಜನ ಇದ್ರು ಕಣೇ. ನಗಿಸೋಕೆ ಅಂತ ಇದ್ದೋಳು ನೀನೊಬ್ಳೇ. ನೀನೂ ಅತ್ಬಿಟ್ಟೆ."

ಯಾಂದೆ ಶೇಂಗಾ ಚೀಲ ಎಳೆದುಕೊಂಡು ಬಿಡಿಸತೊಡಗಿದಳು. ನಾನು ಅವಳನ್ನು ಅನಾಥೆ ಮಾಡಿ ಕೂರಿಸಿದೆನಲ್ಲ, ಎಲ್ಲರಂತೆ ನಾನೂ ಕನಿಕರ ತೋರಿಸಿ ದೂರ ಇಟ್ಟೆನಲ್ಲ ಎಂದು ಒಳಗೇ ಬೆಂದಳು. ಈಗ ಆ ಮಾತು ಆಡುವುದಾದರೂ ಹೇಗೆ? ಸಾವಿನ ದಿನ ಆಡಿದ್ದರೆ ಸಲಿಗೆ, ಇಷ್ಟು ತಿಂಗಳ ಮೇಲೆ ಆಡಿದರೆ ಹಳೇ ಗಾಯಕ್ಕೆ ಕೈ ಹಾಕಿದಂತೆ. ಪೆಂದಾ ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು.

ಶುಕ್ರವಾರ ಅವಳು ನ್ಗಲಾಖ್ ತಿರುವಿದ್ದು ತಿರುವಿದ್ದೇ. ಬೀದಿಯವರು ಡಬ್ಬಿ, ಬೋಗುಣಿ, ಟಿಫಿನ್ ಕ್ಯಾರಿಯರ್ ಹಿಡಿದು ಬಂದರು, ಹೊಗಳಿದರು, ತುಂಬಿಸಿಕೊಂಡು ಹೋದರು. ಒಂದು ಹೊಗಳಿಕೆಯೂ ಯಾಂದೆಯ ಕಿವಿಗೆ ಬೀಳಲಿಲ್ಲ. ಕೊನೆಗೆ ಅವಳು ಎರಡು ಬೋಗುಣಿ ತುಂಬಿ, ತಾನೇ ಹೊತ್ತುಕೊಂಡು ಪಕ್ಕದ ಮನೆಗೆ ನಡೆದಳು.

ಪೆಂದಾ ಮಾವಿನ ಮರದ ಕೆಳಗೆ ಕೂತಿದ್ದಳು. ಪಕ್ಕದಲ್ಲಿ ದೆಂಬಾನ ಅಕ್ಕ, ಕೈಯಲ್ಲಿ ಜಪಮಣಿ, ನಗು ಎಂಬುದನ್ನೇ ಕಾಣದ ಮುಖ. ಪೆಂದಾ ಎದ್ದು ನಿಂತು, "ಬನ್ನಿ, ನೀವ್ಯಾಕೆ ತೊಂದ್ರೆ ತಗೊಂಡ್ರಿ" ಎಂದಳು.

ಆ ಮರ್ಯಾದೆ ಕೇಳಿ ಯಾಂದೆಗೆ ರೇಗಿಹೋಯಿತು. ಅದೇ ಒಳ್ಳೆಯದಾಯಿತು, ರೇಗದಿದ್ದರೆ ಧೈರ್ಯ ಬರುತ್ತಿರಲಿಲ್ಲ.

"ತೊಂದ್ರೆನಾ? ಓಡಿಹೋದ್ನಲ್ಲೇ ನಿನ್ನ ಗಂಡ! ನಿನ್ನ ಕೈ ಅಡುಗೆ ತಿಂದೂ ತಿಂದೂ ಸಾಕಾಗಿ ಓಡಿಹೋದ! ನನ್ನ ಹರಿವಾಣದಲ್ಲಿ ಉಂಡಿದ್ರೆ ಇನ್ನೂ ಗಟ್ಟಿಮುಟ್ಟಾಗಿ ಇರ್ತಿದ್ದ!"

ಜಪಮಣಿ ನಿಂತಿತು. ಕೆಡಿಸಿಬಿಟ್ಟೆ, ಎಲ್ಲಾ ಕೆಡಿಸಿಬಿಟ್ಟೆ ಎಂದುಕೊಂಡಳು ಯಾಂದೆ.

"ಓಡಿದ್ದು ನಿಜ" ಎಂದಳು ಪೆಂದಾ ನಿಧಾನವಾಗಿ. "ಆದ್ರೆ ಓಡೋಕೆ ಮುಂಚೆ ವರ್ಷಾ ವರ್ಷಾ ನಿನ್ನ ನ್ಗಲಾಖ್ ಗೇಟಲ್ಲಿ ನಿಂತು ನೆಕ್ತಿದ್ದ. ಯಾರ ಕೈ ಅಡುಗೆ ಅವನನ್ನ ತಗೊಂಡ್ಹೋಯ್ತು ಅಂತ ಬೀದಿಗೇ ಗೊತ್ತು ಕಣೇ, ಸೆರೇರ್ ಕೊಲೆಗಾತಿ!"

ದೆಂಬಾನ ಅಕ್ಕ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿದ್ದವು. ಪೆಂದಾ ನಗುತ್ತಿದ್ದಳು, ನಗುನಗುತ್ತಲೇ ಅವಳ ದನಿ ಒಡೆಯಿತು.

"ಅವತ್ತು ಬಾಗಿಲಲ್ಲಿ ನಿನ್ನ ಕಂಡಾಗ, ಸದ್ಯ, ನನ್ನ ಆಳು ಬಂದ್ಳು, ಇನ್ನು ಒಂದ್ಸಲ ಉಸಿರಾಡ್ಬಹುದು ಅಂದ್ಕೊಂಡೆ. ನೀನು ನೋಡಿದ್ರೆ ಪಾದ್ರಿ ಥರ ಮಾತಾಡ್ದೆ! ನಿನಗೂ ನಾನು ಬರೀ ವಿಧವೆ ಆಗ್ಬಿಟ್ನಲ್ಲೇ."

"ತಪ್ಪಾಯ್ತು ಕಣೇ ಪೆಂದಾ."

"ತಪ್ಪಾಯ್ತು ಗಿಪ್ಪಾಯ್ತು ಅನ್ಬೇಡ. ಮತ್ತೆ ಮರ್ಯಾದೆ ಶುರು ಮಾಡಿದ್ರೆ ಒದೀತೀನಿ. ಕೊಡು ಇಲ್ಲಿ."

ಒಂದು ಚಮಚ ಬಾಯಿಗಿಟ್ಟು ಪೆಂದಾ ಕಣ್ಣು ಮುಚ್ಚಿದಳು. ಚೆನ್ನಾಗಿದೆ ಎನ್ನದಿರಲಪ್ಪಾ ದೇವರೇ ಎಂದು ಯಾಂದೆ ಬೇಡಿಕೊಂಡಳು.

"ಥೂ! ಸಪ್ಪೆ. ಶೇಂಗಾ ತೋರ್ಸಿ ವಾಪಸ್ಸು ತಗೊಂಡ್ಯಾ?"

ಯಾಂದೆ ನೆಲಕ್ಕೆ ಕೂತು ಜೋರಾಗಿ ಅತ್ತಳು. ಪೆಂದಾ ಎರಡನೆಯ ಬೋಗುಣಿಯತ್ತ ಬೆರಳು ತೋರಿಸಿದಳು.

"ಅದು ಯಾರಿಗೆ?"

"ಅವನದ್ದು" ಎಂದಳು ಯಾಂದೆ. "ಅಭ್ಯಾಸ. ಕೈ ತುಂಬಿಸ್ಬಿಡ್ತು."

ಪೆಂದಾ ಅದನ್ನು ಎತ್ತಿಕೊಂಡು ಗೇಟಿನ ಹತ್ತಿರ ಹೋದಳು, ಅವನು ನಿಲ್ಲುತ್ತಿದ್ದ ಜಾಗಕ್ಕೇ. ಕಲ್ಲಿನ ಮೇಲೆ ಕೂತು, "ಬಾರೇ, ಅವನ ಪಾಲು ಮುಗಿಸೋಣ, ಅವನಂತೂ ಬರಲ್ಲ" ಎಂದಳು. ಚಮಚ ಒಂದೇ ಇತ್ತು. ಇನ್ನೊಂದು ತರಲು ಅವಳೇ ಎದ್ದು ಒಳಗೆ ಹೋದಳು, ಹೋಗುವಾಗಲೂ ಬೈಯುತ್ತಲೇ ಹೋದಳು.