ಕುರ್ಚಿ ಬಿಟ್ಟಿಳಿದ ಸೀಟಿ ಅಕ್ಕ

ಈಜುಕೊಳಕ್ಕೆ ಬರುವವರೆಲ್ಲ ಅವಳನ್ನು ಸೀಟಿ ಅಕ್ಕ ಎಂದೇ ಕರೆಯುವುದು. ಕೊರಳಲ್ಲಿ ಸೀಟಿ, ಮೂಗಿನ ತುದಿಯಲ್ಲಿ ಕೋಪ. ಕೊಳದ ಅಂಚಿನ ಎತ್ತರದ ಕಬ್ಬಿಣದ ಕುರ್ಚಿಯಲ್ಲಿ ಕೂತು ನೀರಿನಲ್ಲಿರುವವರನ್ನು ಕಾಯುವುದು ಅವಳ ಕೆಲಸ. ಕುರ್ಚಿ ಖಾಲಿಯಿದ್ದರೆ ನೀರೊಳಗೆ ಯಾರೂ ಇರಕೂಡದು. ಅದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಬಚ್ಚಲಿಗೆ ಹೋಗಬೇಕಾದರೂ ಅವಳು ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಹತ್ತಿಸಿಯೇ ಹೋಗುತ್ತಿದ್ದಳು. ಮಂಡಿನೋವಿಗೆಂದು ಸೊಂಟದ ಮಟ್ಟದ ನೀರಿನಲ್ಲಿ ನಡೆಯಲು ಬರುತ್ತಿದ್ದ ನಾವು ನಾಲ್ಕಾರು ಹೆಂಗಸರು ಚಳಿಗೆ ನಡುಗುತ್ತಾ ಅವಳನ್ನು ಮನಸಾರೆ ಬೈದುಕೊಳ್ಳುತ್ತಿದ್ದೆವು.

ಅವಳ ಅಕ್ಕನ ಮಗಳು ಹೈಸ್ಕೂಲು ಹುಡುಗಿ. ಗಗನಯಾತ್ರಿಯಾಗಬೇಕೆಂದು ಅವಳ ಆಸೆ. ಬಾಹ್ಯಾಕಾಶಕ್ಕೆ ಹೋಗುವವರು ಆಳವಾದ ನೀರಿನಲ್ಲಿ ಅಭ್ಯಾಸ ಮಾಡುತ್ತಾರೆಂದು ಎಲ್ಲೋ ಓದಿ ಚಿಕ್ಕಮ್ಮನ ಬೆನ್ನು ಹತ್ತಿದ್ದಳು. ಸಂಜೆ ಹೆಂಗಸರಿಗೆಂದೇ ಮೀಸಲಾದ ಹೊತ್ತಿನಲ್ಲಿ ಚಿಕ್ಕಮ್ಮ ಕಲಿಸುತ್ತಿದ್ದಳು. ಕಲಿಸುವುದೆಂದರೆ ಕುರ್ಚಿಯ ಮೇಲಿಂದ ಬೈಯುವುದು.

"ಮೂಗಿಗೆ ನೀರು ಹೋದ್ರೆ ಅಮ್ಮಾ ಅಂತೀಯಲ್ಲ, ಅಲ್ಲಿ ಮೇಲೆ ಯಾವ ಅಮ್ಮ ಬರ್ತಾಳೆ? ಕಾಲು ಬಡಿಯೇ!"

ಹುಡುಗಿ ಬೇಗ ಕಲಿತಳು. ಆದರೆ ಕಾಲು ನಿಲ್ಲದ ಕಡೆ ಹೋಗಲು ಮಾತ್ರ ಒಲ್ಲಳು.

ಆ ವರ್ಷ ಶಾಲೆಯ ಸಮಾರಂಭಕ್ಕೆ ಈಜುಕೊಳದ ಮ್ಯಾನೇಜರೇ ಅತಿಥಿ. ಹುಡುಗಿಯ ತಲೆಗೆ ರಟ್ಟಿನ ಹೆಲ್ಮೆಟ್ ಹಾಕಿಸಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡರು. ಹೆಣ್ಣುಮಕ್ಕಳು ಆಕಾಶ ಮುಟ್ಟಬೇಕು, ನಮ್ಮ ಪ್ರೋತ್ಸಾಹ ಸದಾ ಇದೆ ಎಂದು ಭಾಷಣ ಬಿಗಿದರು. ಮುಂದಿನ ವಾರವೇ ಹೆಂಗಸರ ಹೊತ್ತನ್ನು ಕಿತ್ತು ಕ್ಲಬ್ಬಿನ ಹುಡುಗರ ತಂಡಕ್ಕೆ ಕೊಟ್ಟರು.

ಸೀಟಿ ಅಕ್ಕ ಮ್ಯಾನೇಜರನ್ನು ಕೇಳಲು ಹೋದಾಗ ನಾನೂ ಜೊತೆಗಿದ್ದೆ.

"ಸ್ಪರ್ಧೆ ಹತ್ರ ಬಂತಮ್ಮ. ಈ ಹೆಂಗಸರು ನೀರಲ್ಲಿ ಸುಮ್ನೆ ನಡೀತಾರೆ. ರಸ್ತೇಲೂ ನಡೀಬಹುದಲ್ಲ?"

"ನಮ್ಮ ಹುಡುಗಿ ಸಾರ್?"

"ಅವಳು ಆಕಾಶಕ್ಕೆ ಹೋಗೋಳು, ನೀರ್ಯಾಕೆ?" ಎಂದು ನಕ್ಕರು.

ಯಾರ ಮೇಲೂ ಸಿಟ್ಟು ಉಳಿಯದಿರಲಿ ಎಂದು ದಿನವೂ ದೇವರಲ್ಲಿ ಬೇಡುವವಳು ನಾನು. ಆ ಸಂಜೆ ಬೇಡಲು ಮನಸ್ಸು ಬರಲಿಲ್ಲ. ಮಗುವಿಗೆ ಚಪ್ಪಾಳೆ ಕೊಟ್ಟು ನೀರನ್ನು ಕಿತ್ತುಕೊಳ್ಳುವುದು ಯಾವ ಸೀಮೆಯ ಪ್ರೋತ್ಸಾಹ?

ಹೊರಗೆ ಕಾಯುತ್ತಿದ್ದ ಹುಡುಗಿ, "ಬಿಡು ಚಿಕ್ಕಮ್ಮ. ಹೇಗೂ ನಂಗೆ ಆಳ ಅಂದ್ರೆ ಭಯ. ಕನಸು ಕಂಡಿದ್ದೇ ದೊಡ್ಡದು ಅಂದ್ರು ಟೀಚರ್" ಎಂದಳು.

"ಕನಸು ಕಾಣೋಕೆ ಹಾಸಿಗೆ ಸಾಕು! ಚಪ್ಪಾಳೆ ತಿಂದೇ ಹೊಟ್ಟೆ ತುಂಬಿಹೋಯ್ತಾ ನಿಂಗೆ? ನಾಳೆ ಈಜೋ ಬಟ್ಟೆ ತಗೊಂಡು ಬಾ."

ಮರುದಿನ ಹುಡುಗರ ತಂಡ ನೀರಿಗಿಳಿದು ಇನ್ನೂ ಕೈಕಾಲು ಆಡಿಸುತ್ತಿತ್ತು. ಸೀಟಿ ಅಕ್ಕ ಉದ್ದಕ್ಕೆ ಸೀಟಿ ಊದಿ, ಕುರ್ಚಿಯಿಂದಿಳಿದು, ಏನಾಗುವುದೋ ನೋಡೋಣವೆಂದು ಬಂದಿದ್ದ ನಮ್ಮ ಪಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು. ಕುರ್ಚಿ ಖಾಲಿ. ಹುಡುಗರು ಗೊಣಗುತ್ತಾ ಮೇಲೆ ಬಂದರು. ಅವರ ಕೋಚ್ ಮ್ಯಾನೇಜರನ್ನು ಕರೆತಂದರು.

"ಏನಮ್ಮಾ ಇದು?"

"ಈ ಹೊತ್ತಲ್ಲಿ ಹೆಂಗಸರನ್ನ ಕಾಯೋಕೆ ನನ್ನ ಇಟ್ಟಿರೋದು. ನೀರಲ್ಲಿ ಹೆಂಗಸರಿಲ್ಲ, ಕುರ್ಚೀಲಿ ನಾನಿಲ್ಲ."

"ಕೆಲಸ ಹೋಗುತ್ತೆ, ನೋಡು!"

"ಹೋಗ್ಲಿ. ನೀವೇ ಹತ್ತಿ ಕೂತ್ಕೊಳ್ಳಿ ಸಾರ್. ಯಾರಾದ್ರೂ ಮುಳುಗಿದ್ರೆ ಒಂದು ಭಾಷಣ ಎಸೀರಿ, ಹಿಡ್ಕೊಂಡು ಮೇಲೆ ಬರ್ತಾರೆ."

ಕೋಚ್ ಮುಖ ತಿರುಗಿಸಿಕೊಂಡು ನಕ್ಕರು. ಹುಡುಗರಿಗೆ ಚಳಿ ಹಿಡಿಯುತ್ತಿತ್ತು. ಕುರ್ಚಿಯ ಮೇಲೆ ಕೂರಿಸಲು ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಕೊನೆಗೆ ಮ್ಯಾನೇಜರ್ ಹಲ್ಲು ಕಚ್ಚಿ, ಆಳದ ತುದಿಯಲ್ಲಿ ಅಡ್ಡಕ್ಕೊಂದು ಪಟ್ಟಿಯಷ್ಟು ನೀರನ್ನು ಹೆಂಗಸರಿಗೆ ಬಿಟ್ಟುಕೊಡಿ ಎಂದರು. ಬೇಕೆಂದೇ ಆಳದ ಕಡೆ ಕೊಟ್ಟರು ಪುಣ್ಯಾತ್ಮರು. ಅಲ್ಲಿ ನಮ್ಮ ಯಾರ ಕಾಲೂ ನಿಲ್ಲುವುದಿಲ್ಲ. ಇಳಿಯಬಲ್ಲವಳು ಹುಡುಗಿಯೊಬ್ಬಳೇ. ಅವಳೂ ಇಳಿಯದಿದ್ದರೆ ನಾಳೆಯಿಂದ ಆ ಪಟ್ಟಿಯೂ ಇಲ್ಲ.

ಹುಡುಗಿ ಅಂಚಿನಲ್ಲಿ ನಿಂತಳು. ನೀರನ್ನು ಬಗ್ಗಿ ನೋಡಿ ಒಂದು ಹೆಜ್ಜೆ ಹಿಂದಿಟ್ಟಳು. ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ.

"ರಾಕೆಟ್ ಕೆಟ್ಟೋಯ್ತು!" ಎಂದು ಹುಡುಗನೊಬ್ಬ ಕೂಗಿದ.

ಸೀಟಿ ಅಕ್ಕ ಮತ್ತೆ ಕುರ್ಚಿ ಹತ್ತಿದ್ದಳು. "ಏನೇ ನೋಡ್ತಿದ್ದೀಯ? ನಿಂಗೋಸ್ಕರ ನಾನು ಅನ್ನಕ್ಕೆ ಕಲ್ಲು ಹಾಕ್ಕೊಂಡಿದ್ದೀನಿ. ಹಾರೇ! ಕತ್ತು ನೆಟ್ಟಗಿಟ್ಕೋ! ಕೈ…"

"ಬಾಯ್ಮುಚ್ಚು ಚಿಕ್ಕಮ್ಮಾ!" ಹುಡುಗಿ ತಿರುಗಿ ಕಿರುಚಿದಳು. "ನೀನು ಬೈತಿದ್ರೆ ನಂಗೆ ನೀರೇ ಕಾಣಲ್ಲ!"

ಹುಡುಗಿ ಹಾರಿದಳು.

ಮುಳುಗಿದಳು, ಎದ್ದಳು, ಕೆಮ್ಮಿದಳು. ಅಂಚಿಗೆ ಕೈ ಚಾಚಲಿಲ್ಲ. ಕೆಮ್ಮುತ್ತಲೇ ಎದುರು ಗೋಡೆಯ ಕಡೆಗೆ ಕೈ ಬೀಸತೊಡಗಿದಳು. ಸೀಟಿ ಅಕ್ಕ ಅರ್ಧ ಎದ್ದು, ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗಿಟ್ಟು, ನೀರಿಗೆ ಹಾರಲು ಸಿದ್ಧಳಾಗಿದ್ದಳು. ಹುಡುಗರೂ ಅಂಚಿಗೆ ಬಂದು ಬಗ್ಗಿ ನೋಡಿದರು.

ಹುಡುಗಿಯ ಕೈ ಗೋಡೆಗೆ ತಾಗಿತು. ಕೆಂಪು ಕಣ್ಣು ಉಜ್ಜುತ್ತಾ ಚಿಕ್ಕಮ್ಮನ ಕಡೆ ನೋಡಿದಳು.

"ಹೋದ್ರೆ ಸಾಕಾ?" ಸೀಟಿ ಅಕ್ಕ ಗದರಿದಳು. ದನಿ ಒಡೆದಿತ್ತು. "ವಾಪಸ್ಸೂ ಬರ್ಬೇಕು. ಬಾ!"