ಅರ್ಧ ಆಡಿದ ಆಟಕ್ಕೆ ಪೂರ್ತಿ ವಿಮರ್ಶೆ

‘ಸರ್, ಆ ಆಟ ನೀವು ಆಡಿ ನೋಡಿದ್ರಾ?’

ಗುರುವಾರ ಮಧ್ಯಾಹ್ನ ಕಾರವಾರದ ಕೋರ್ಟಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದಾಗ ಬಂದ ಫೋನು. ಗುರುತಿಲ್ಲದ ನಂಬರು, ಹೆಂಗಸಿನ ದನಿ. ನಮಸ್ಕಾರ ಇಲ್ಲ, ಪರಿಚಯ ಇಲ್ಲ, ನೇರ ಪ್ರಶ್ನೆ.

‘ಯಾವ ಆಟ?’ ಅಂದೆ.

‘ಹೋದ ತಿಂಗಳು ಪೇಪರಲ್ಲಿ ಬರೆದ್ರಲ್ಲ, ಅಂಕೋಲೆಯವರು ಮಾಡಿದ ದೋಣಿ ಆಟ ಅರ್ಧಕ್ಕೇ ನಿಲ್ತದೆ ಅಂತ. ಅದನ್ನ ಮಾಡಿದವಳು ನಾನು. ವಿನೋದಾ ಅಂತ ನನ್ನ ಹೆಸರು.’

ನಾನು ವಕೀಲ. ಇಪ್ಪತ್ತು ವರ್ಷದಿಂದ ಸಾಕ್ಷಿಕಟ್ಟೆಯಲ್ಲಿ ನಿಂತವರನ್ನು ‘ನೀವು ಕಣ್ಣಾರೆ ಕಂಡಿದ್ದೋ, ಯಾರೋ ಹೇಳಿದ್ದೋ?’ ಎಂದು ಕೇಳುತ್ತ ಬಂದವನು. ಅದೇ ಪ್ರಶ್ನೆ ನನಗೇ ಎದುರಾದಾಗ, ಎಷ್ಟೋ ಸಾಕ್ಷಿಗಳು ತೊದಲಿದ ಹಾಗೆಯೇ ತೊದಲಿದೆ. ‘ಅಂದ್ರೆ... ಆಡಿದವರು ಹೇಳಿದ್ರು.’

‘ಹೌದಾ’ ಅಂದರು ಆಕೆ. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಆಡಿದವರು ಯಾರು ಅಂದಿರಾ? ನನ್ನ ಚಿಕ್ಕಮ್ಮನ ಮಗಳು ಸ್ಮಿತಾ. ಕಾರವಾರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಡ್ಯೂಟಿ ಮುಗಿಸಿ ಬಂದು ವಿಡಿಯೋ ಗೇಮ್ ಆಡುತ್ತಾಳೆ. ಆಡಿದ್ದು ಹೇಗಿದೆ ಎಂದು ಕನ್ನಡದಲ್ಲಿ ವಿಡಿಯೋ ಮಾಡಿ ತನ್ನ ಚಾನೆಲ್ಲಿಗೆ ಹಾಕುತ್ತಾಳೆ. ವಯಸ್ಸು ಮೂವತ್ತೆಂಟು. (‘ಈ ವಯಸ್ಸಲ್ಲಿ ಎಂಥಾ ಆಟ?’ ಎಂದು ಮೂಗು ಮುರಿದ ಸಂಬಂಧಿಕರಲ್ಲಿ ನಾನೂ ಒಬ್ಬ.)

ಅವಳ ಚಾನೆಲ್ಲಿಗೆ ಒಂದು ಹೆಸರಿದೆ. ಆಟ ಮಾಡುವ ಕಂಪನಿಗಳು ಪುಕ್ಕಟೆ ಕೊಡುವ ಕಾಪಿಯನ್ನು ಅವಳು ಮುಟ್ಟುವುದಿಲ್ಲ. ಜಾಹೀರಾತು ಒಪ್ಪಿಕೊಳ್ಳುವುದಿಲ್ಲ. ಕೈಯಿಂದ ದುಡ್ಡು ಹಾಕಿ ಕೊಂಡು ಆಡುತ್ತಾಳೆ. ಪ್ರತಿ ವಿಡಿಯೋ ಶುರುವಾಗುವುದು ಒಂದೇ ಮಾತಿನಿಂದ: ‘ನಾನು ಪೂರ್ತಿ ಆಡಿ ಮಾತಾಡ್ತಾ ಇದ್ದೇನೆ.’

ಈ ಮಾತು ನನಗೆ ಬಹಳ ಹಿಡಿಸಿತ್ತು. ಹೋದ ತಿಂಗಳು ಇದೇ ಅಂಕಣದಲ್ಲಿ ಅವಳನ್ನು ಹೊಗಳಿದೆ. ದುಡ್ಡು ತಗೊಂಡು ಹೊಗಳುವವರ ನಡುವೆ ಇಂಥವಳೂ ಇದ್ದಾಳೆ ಎಂದೆ. ಉದಾಹರಣೆ ಬೇಕಲ್ಲ? ಅವಳ ಹೊಸ ವಿಡಿಯೋದಿಂದಲೇ ಎತ್ತಿಕೊಂಡೆ. ‘ಅಂಕೋಲೆಯವರೇ ಮಾಡಿದ ದೋಣಿ ಆಟ ಅರ್ಧಕ್ಕೇ ನಿಂತುಬಿಡುತ್ತದೆ, ಮುಗಿಸದೆಯೇ ಮಾರಾಟಕ್ಕೆ ಇಟ್ಟಿದ್ದಾರೆ. ನಮ್ಮ ಕಡೆಯವರು ಎಂಬ ಮುಲಾಜಿಲ್ಲದೆ ಅದನ್ನು ಹೇಳುವ ಧೈರ್ಯ ಎಷ್ಟು ಜನಕ್ಕಿದೆ?’ ಎಂದು ಬರೆದೆ. ವಾಕ್ಯ ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡದ್ದೂ ನೆನಪಿದೆ.

ಭಾನುವಾರ ಬೆಳಿಗ್ಗೆ ಅಂಕೋಲೆ ಬಸ್ಸು ಹತ್ತಿ, ವಿನೋದಾ ಅವರ ಮನೆಯಿರುವ ಹಟ್ಟಿಕೇರಿಯಲ್ಲಿ ಇಳಿದೆ. ಫೋನಿನಲ್ಲಿ ಅವರು ಕೊನೆಗೆ ಹೇಳಿದ್ದು ಒಂದೇ: ‘ಬನ್ನಿ, ಆಡಿ ನೋಡಿ, ಆಮೇಲೆ ಎಂತ ಬೇಕಾದ್ರೂ ಬರೀರಿ.’ ಹೋಗದೆ ಇರುವುದಕ್ಕೆ ನನ್ನ ಬಳಿ ಕಾರಣವಿರಲಿಲ್ಲ. (ಹುಡುಕಿದ್ದೆ.)

ವಿನೋದಾ ಅಂಕೋಲೆಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಮೀನುಗಾರರ ಮನೆ. ಅಪ್ಪ ಮೊದಲು ದೋಣಿಗೆ ಹೋಗುತ್ತಿದ್ದವರು, ಈಗ ಮನೆಯಲ್ಲೇ ಬಲೆ ರಿಪೇರಿ ಮಾಡುತ್ತಾರೆ. ಶಾಲೆ ಮುಗಿದ ಮೇಲಿನ ಹೊತ್ತು, ರಜೆಯ ದಿನಗಳು, ಹೀಗೆ ಮೂರು ವರ್ಷ ಕೂತು ಒಬ್ಬರೇ ಮಾಡಿದ ಆಟ ಅದು.

ಕಂಪ್ಯೂಟರ್ ಮುಂದೆ ನನ್ನನ್ನು ಕೂರಿಸಿದರು. ಯಾವ ಕೀ ಒತ್ತಿದರೆ ಏನಾಗುತ್ತದೆ ಎಂದು ತೋರಿಸಿ ಹಿಂದೆ ಸರಿದು ನಿಂತರು.

ಆಟ ಸರಳ. ಒಬ್ಬಳು ಹೆಂಗಸು ಚಿಕ್ಕ ದೋಣಿಯಲ್ಲಿ ಅಳಿವೆ ದಾಟಿ ಸಮುದ್ರಕ್ಕೆ ಹೋಗುತ್ತಾಳೆ. ಬಲೆ ಬಿಡಬೇಕು, ಎಳೆಯಬೇಕು, ಗಾಳಿ ನೋಡಿಕೊಂಡು ವಾಪಸು ಬರಬೇಕು. ಐವತ್ತು ದಾಟಿದ ಬೆರಳುಗಳು ತಡವರಿಸಿದವು. ಎರಡು ಸಲ ಬಲೆ ಕಳೆದುಕೊಂಡೆ, ಒಂದು ಸಲ ಬಂಡೆಗೆ ಹೊಡೆದೆ. ಸುಮಾರು ಎರಡು ತಾಸಿನ ಮೇಲೆ ವಾಪಸು ಅಳಿವೆಗೆ ಬಂದೆ. ಅಲ್ಲಿ ದೋಣಿ ಮರಳ ದಿಬ್ಬಕ್ಕೆ ತಾಗಿ ನಿಂತಿತು.

ಎಡ ಒತ್ತಿದೆ. ಬಲ ಒತ್ತಿದೆ. ಕೈಗೆ ಸಿಕ್ಕಿದ ಕೀಗಳನ್ನೆಲ್ಲ ಒತ್ತಿದೆ. ಪರದೆಯ ಮೇಲೆ ಒಂದು ಸೂಚನೆಯೂ ಇಲ್ಲ.

‘ನಿಂತೇ ಹೋಯ್ತಲ್ರೀ’ ಅಂದೆ. ದನಿಯಲ್ಲಿ ಸ್ವಲ್ಪ ಖುಷಿಯಿತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು. ನಾನು ಬರೆದದ್ದು ಸರಿಯಾಯಿತಲ್ಲ!

ಬಾಗಿಲ ಬಳಿ ಬಲೆ ಹಿಡಿದು ಕೂತಿದ್ದ ವಿನೋದಾ ಅವರ ಅಪ್ಪ ಕುತ್ತಿಗೆ ಚಾಚಿ ಪರದೆ ನೋಡಿದರು.

‘ನೀರು ಇಳ್ದದೆ ಅಲ್ಲ. ಭರತಿ ಬರೂವರೆಗೆ ಕೂರುದೇಯ. ಬೇರೆ ಎಂತ ಮಾಡೂಕಾಗ್ತದೆ?’

ಭರತಿ ಅಂದರೆ ಉಬ್ಬರ. ನಾನು ಸಮುದ್ರದಿಂದ ಕೂಗಳತೆಯ ದೂರದಲ್ಲಿ ಹುಟ್ಟಿ ಬೆಳೆದವನು. ನನಗೆ ಹೊಳೆಯಲಿಲ್ಲ.

ಕೂತೆ. ಹನ್ನೊಂದು ನಿಮಿಷ. ಪರದೆಯಲ್ಲಿ ಬೆಳ್ಳಕ್ಕಿಗಳು ಇಳಿದವು. ಮೊಣಕಾಲು ನೀರಿನಲ್ಲಿ ಹೆಂಗಸರು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಲು ಬಂದರು, ಏನೋ ಮಾತಾಡಿಕೊಂಡರು. ಮರಳಿನ ಬಣ್ಣ ನಿಧಾನಕ್ಕೆ ಬದಲಾಯಿತು. ಆಮೇಲೆ ದೋಣಿ ತನ್ನಷ್ಟಕ್ಕೆ ಒಂದಿಷ್ಟು ಅಲುಗಿತು. ಕೀ ಒತ್ತಿದೆ. ಹೊರಟಿತು.

ಅಲ್ಲಿಂದ ಮುಂದೆ ಇನ್ನೂ ಎರಡು ಭಾಗಗಳಿದ್ದವು. ಆ ಹೆಂಗಸು ಯಾಕೆ ಒಬ್ಬಳೇ ದೋಣಿಗೆ ಹೊರಟಳು ಎನ್ನುವುದು ತಿಳಿಯುವುದೇ ಕೊನೆಯ ಭಾಗದಲ್ಲಿ. ಏನೆಂದು ಹೇಳುವುದಿಲ್ಲ, ಆಡುವವರಿಗೆ ಇರಲಿ. ಕನ್ನಡಕ ತೆಗೆದು ಒರೆಸಿಕೊಂಡೆ ಎಂದಷ್ಟೇ ಹೇಳುತ್ತೇನೆ.

‘ಕಾಯಬೇಕು ಅಂತ ಒಂದು ಸಾಲು ಬರೆದಿದ್ದರೆ ಆಗ್ತಿತ್ತಲ್ಲ?’ ಎಂದು ಕೇಳಿದೆ.

‘ದೋಣೀಲಿ ಕೂತವ್ರಿಗೆ ಯಾರು ಸರ್ ಬೋರ್ಡು ಹಾಕಿಡ್ತಾರೆ?’ ಅಂದರು ವಿನೋದಾ. ಆಮೇಲೆ ಮೆಲ್ಲಗೆ, ‘ಚೆನ್ನಾಗಿಲ್ಲ ಅನ್ನಿ, ಬೋರು ಅನ್ನಿ. ಅದು ನಿಮ್ಮ ನಿಮ್ಮ ಮನಸ್ಸು. ನಾನು ಎಂತದೂ ಹೇಳುದಿಲ್ಲ. ಆದ್ರೆ ಇದ್ದದ್ದನ್ನ ಇಲ್ಲ ಅಂದ್ರೆ ಹೆಂಗೆ?’

ಆ ವಿಡಿಯೋ ಬಂದ ಮೇಲೆ ಆಟ ಕೊಳ್ಳುವವರೇ ಇಲ್ಲವಾದರಂತೆ. ಫೋನುಗಳಲ್ಲಿ ಆಡುವ ಹಾಗೆ ಇದನ್ನು ತರುತ್ತೇವೆ ಎಂದಿದ್ದ ಕಂಪನಿಯೊಂದು ‘ಮೊದಲು ಮುಗಿಸಿ, ಆಮೇಲೆ ಮಾತಾಡೋಣ’ ಎಂದು ಬರೆಯಿತಂತೆ. ಮುಗಿದಿದೆ ಎಂದು ಈಕೆ ಕಳಿಸಿದ ಉತ್ತರಕ್ಕೆ ಮರು ಉತ್ತರವಿಲ್ಲ.

‘ತಪ್ಪು ಸ್ಮಿತಾಳದ್ದು. ನಾನು ಅವಳ ಹತ್ತಿರ ಮಾತಾಡ್ತೇನೆ’ ಅಂದೆ, ದೊಡ್ಡ ಮನುಷ್ಯನ ಹಾಗೆ.

‘ವಿಡಿಯೋ ನಮ್ಮ ಶಾಲೇಲಿ ಯಾರೂ ನೋಡುದಿಲ್ಲ ಸರ್. ಪೇಪರು ಎಲ್ರೂ ಓದ್ತಾರೆ. ನೀವು ಬರೆದದ್ದನ್ನ ಹೆಡ್ ಮಾಸ್ಟ್ರು ಸ್ಟಾಫ್ ರೂಮಲ್ಲಿ ದೊಡ್ಡಕೆ ಓದಿದ್ರು. ಆಟ ನಂದು ಅಂತ ಅವ್ರಿಗೂ ಗೊತ್ತಿತ್ತು.’

ಚಹಾ ಕೊಟ್ಟರು, ಕುಡಿದೆ. ಮೂರು ಗಂಟೆಯ ಬಸ್ಸಿಗೆ ಕಾರವಾರಕ್ಕೆ ಬಂದೆ.

ಸೀದಾ ಸ್ಮಿತಾಳ ಮನೆಗೆ ಹೋದೆ. (ನಮ್ಮ ಮಾತು ಕೊಂಕಣಿಯಲ್ಲಿ ನಡೆಯಿತು. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಅಣ್ಣನನ್ನು ನಮ್ಮಲ್ಲಿ ದಾದಾ ಅನ್ನುತ್ತಾರೆ, ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

‘ಪೂರ್ತಿ ಆಡಿದ್ಯಾ?’

‘ಎಲ್ಲಿ ನಿಲ್ತದೋ ಅಲ್ಲೀವರೆಗೆ ಆಡಿದೆ ದಾದಾ.’

‘ಅದು ನಿಲ್ಲುದಿಲ್ಲ. ನೀರು ಏರೂವರೆಗೆ ಕಾಯಬೇಕು.’

ಅವಳು ನನ್ನ ಮುಖ ನೋಡಿದಳು. ಮೊದಲು ವಾದ ಮಾಡಿದಳು. ಆಟ ಬಿಡುಗಡೆಯಾದ ದಿನವೇ ವಿಡಿಯೋ ಹಾಕದಿದ್ದರೆ ಜನ ಬೇರೆಯವರ ಚಾನೆಲ್ಲಿಗೆ ಹೋಗುತ್ತಾರೆ ಅಂದಳು. ಡ್ಯೂಟಿ ಮುಗಿಸಿ ಬಂದು ಎಷ್ಟು ಹೊತ್ತು ಆಡಲಿಕ್ಕಾಗುತ್ತದೆ ಅಂದಳು. ‘ನಾನು ಯಾರ ಹತ್ರವೂ ಒಂದು ಪೈಸೆ ತಗೊಂಡಿಲ್ಲ’ ಅಂದಳು.

ಅದು ನಿಜ. ಆದರೆ ಪೈಸೆ ಮುಟ್ಟದವರಿಗೆ ತಪ್ಪು ಹೇಳುವ ಪರವಾನಗಿ ಸಿಗುತ್ತದೆಯೇ? ಪ್ರಾಮಾಣಿಕತೆ ಅಂದರೆ ದುಡ್ಡಿನ ವಿಷಯ ಮಾತ್ರ ಎಂದು ನಾವೆಲ್ಲ ಯಾವಾಗಲೋ ತೀರ್ಮಾನಿಸಿಬಿಟ್ಟ ಹಾಗಿದೆ. ಉಡುಗೊರೆ ಹಿಂದಿರುಗಿಸಿದವನು ಶುದ್ಧ. ಅವನು ತನ್ನ ಕೆಲಸ ಮಾಡಿದನೋ ಇಲ್ಲವೋ, ಕೇಳುವವರಿಲ್ಲ.

ಆಮೇಲೆ ಸ್ಮಿತಾ ಬೇರೆ ದನಿಯಲ್ಲಿ ಹೇಳಿದಳು. ‘ಲ್ಯಾಬಲ್ಲಿ ಯಾರಾದ್ರೂ ರಿಪೋರ್ಟಿಗೆ ಅರ್ಜೆಂಟ್ ಮಾಡಿದ್ರೆ ನಾನೇ ಬೈತೇನೆ, ಅದರ ಟೈಮು ಅದಕ್ಕೆ ಬೇಕು ಅಂತ. ಇಲ್ಲಿ ನಾಲ್ಕು ನಿಮಿಷ ಕಾದೆ ದಾದಾ. ಆಮೇಲೆ ಬಂದ್ ಮಾಡಿದೆ.’

ಅಲ್ಲೇ ವಿನೋದಾ ಅವರಿಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಹಾಕಿದಳು. ತಾನು ಯಾರೆಂದು ಹೇಳಿದಳು, ತಪ್ಪಾಗಿದೆ ಅಂದಳು. ‘ಆ ವಿಡಿಯೋ ಈಗಲೇ ಡಿಲೀಟ್ ಮಾಡ್ತೇನೆ.’

‘ಡಿಲೀಟ್ ಮಾಡ್ಬೇಡಿ’ ಅಂದರು ವಿನೋದಾ. ‘ನೋಡಿದವ್ರ ತಲೆಯಿಂದ ಅದು ಡಿಲೀಟ್ ಆಗ್ತದಾ? ಅಲ್ಲೇ ಇರ್ಲಿ. ಅದ್ರ ಮೇಲೇ ಬರೀರಿ, ತಪ್ಪು ಹೇಳಿದ್ದೆ ಅಂತ.’

‘ಬರೀತೇನೆ. ಆದ್ರೆ ಒಂದು ಮಾತು. ಕಾಯಬೇಕು ಅಂತ ತಿಳಿಯೂಕೆ ಅಲ್ಲಿ ಎಂತದೂ ಇಲ್ಲ. ಅದು ಆಟದ ಕೊರತೆ ಅಂತ ನಂಗೆ ಈಗ್ಲೂ ಅನಿಸ್ತದೆ. ಅದನ್ನೂ ಹೇಳ್ತೇನೆ.’

ಕೆಲಸ ಕೆಟ್ಟಿತು ಅಂದುಕೊಂಡೆ.

‘ಹೇಳಿ’ ಅಂದರು ವಿನೋದಾ. ‘ನಾನು ಬದಲು ಮಾಡುದಿಲ್ಲ. ನೀವು ಹೇಳುದು ಬಿಡ್ಬೇಡಿ.’

ಇಬ್ಬರೂ ನಗಲಿಲ್ಲ. ಗೆಳತಿಯರೂ ಆಗಲಿಲ್ಲ. ಆದರೆ ವಿಮರ್ಶೆ ಎಂಬ ಪದ ಕೇಳಿ ಮೂವತ್ತು ವರ್ಷವಾದ ಮೇಲೆ, ಅದು ಹೇಗಿರಬೇಕು ಎಂದು ನನಗೆ ತಿಳಿದದ್ದು ಆ ಎರಡು ನಿಮಿಷದಲ್ಲಿ.

ಸ್ಮಿತಾ ಆಟವನ್ನು ಮೊದಲಿಂದ ಕೊನೆಯವರೆಗೆ ಆಡಿದಳು. ಹಳೆಯ ವಿಡಿಯೋದ ಮೇಲೆ ತಪ್ಪು ಎಂದು ಬರೆದು, ಹೊಸದೊಂದು ಹಾಕಿದಳು. ‘ಪೂರ್ತಿ ಆಡಿದ್ದೇನೆ ಅಂತ ಸುಳ್ಳು ಹೇಳಿದ್ದೆ’ ಎಂದು ಶುರು ಮಾಡಿದಳು. ‘ತಪ್ಪಾಗಿತ್ತು’ ಅನ್ನಬಹುದಿತ್ತು, ಅವಳು ಸುಳ್ಳು ಎಂಬ ಪದವನ್ನೇ ಬಳಸಿದಳು.

ಈಗ ಕೇಳಿ ತಮಾಷೆ. ಮೊದಲ ವಿಡಿಯೋ ನೋಡಿದವರಲ್ಲಿ ಕಾಲು ಭಾಗದಷ್ಟು ಜನವೂ ಎರಡನೆಯದನ್ನು ನೋಡಲಿಲ್ಲ. ನೋಡಿದವರು ಏನು ಬರೆದರು? ‘ಎಷ್ಟು ಸಿಕ್ಕಿತು ಅಕ್ಕ?’ ‘ಊರಿನವರು ಬಂದು ಹೆದರಿಸಿದರಾ?’ ‘ಇನ್ನು ಈ ಚಾನೆಲ್ ನಂಬುವ ಹಾಗಿಲ್ಲ.’ ಸುಳ್ಳು ಹೇಳಿದ ದಿನ ಒಬ್ಬನೇ ಒಬ್ಬನೂ ಸಾಕ್ಷಿ ಕೇಳಿರಲಿಲ್ಲ. ನಿಜ ಹೇಳಿದ ದಿನ ಎಲ್ಲರೂ ನ್ಯಾಯಾಧೀಶರು. ಚಾನೆಲ್ ಬಿಟ್ಟುಹೋದವರು ಸಾಕಷ್ಟು ಮಂದಿ. ಸ್ಮಿತಾ ಎರಡು ದಿನ ಮಂಕಾಗಿದ್ದಳು. ಆಮೇಲೆ ತನ್ನ ಹಳೆಯ ಶುರುವಾತಿನ ಮಾತನ್ನೇ ಬದಲಿಸಿದಳು. ಈಗ ಪ್ರತಿ ವಿಡಿಯೋದ ಮೊದಲಿಗೆ ಎಷ್ಟು ತಾಸು ಆಡಿದೆ, ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಎಂದು ಹೇಳುತ್ತಾಳೆ.

ವಿನೋದಾ ಅವರಿಗೆ ಆ ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ಸ್ಟಾಫ್ ರೂಮಿನಲ್ಲಿ ಈ ಬರಹವನ್ನೂ ದೊಡ್ಡದಾಗಿ ಓದಲಿ ಎಂಬುದು ನನ್ನ ಆಸೆ. ಅದಕ್ಕಾಗಿ ಸ್ಪಷ್ಟವಾಗಿ ಬರೆಯುತ್ತೇನೆ: ಆ ಆಟ ಪೂರ್ತಿಯಾಗಿದೆ. ನಾನು ಹೋದ ತಿಂಗಳು ಅದರ ಬಗ್ಗೆ ಬರೆದದ್ದು ಸುಳ್ಳು. ಬರೆಯುವಾಗ ನಾನು ಅದನ್ನು ಆಡಿರಲಿಲ್ಲ, ನೋಡಿಯೂ ಇರಲಿಲ್ಲ.

ಮೊನ್ನೆ ಪರಿಚಿತರೊಬ್ಬರು ತಮ್ಮ ಹೊಸ ಕಾದಂಬರಿ ಕೊಟ್ಟು ‘ಅಂಕಣದಲ್ಲಿ ನಾಲ್ಕು ಸಾಲು ಬರೀರಿ’ ಅಂದರು. ಅಭ್ಯಾಸಬಲದಿಂದ ಮುನ್ನುಡಿ ಓದಿದೆ, ಬೆನ್ನುಡಿ ಓದಿದೆ, ಪೆನ್ನು ಎತ್ತಿಕೊಂಡೆ. ‘ನಾಡಿನ ಬದುಕನ್ನು ಸಮರ್ಥವಾಗಿ...’ ಎಂದು ಬರೆದು ನಿಲ್ಲಿಸಿದೆ. ಆ ಸಾಲು ಹೊಡೆದುಹಾಕಿ, ‘ಹದಿನೆಂಟನೇ ಪುಟದವರೆಗೆ ಓದಿದ್ದೇನೆ’ ಎಂದು ಬರೆದೆ. ಮುಂದೆ ಏನೂ ಹೊಳೆಯಲಿಲ್ಲ.

ಎಷ್ಟು ನೋಡಿದ್ದೇವೋ ಅಷ್ಟನ್ನೇ ಬರೆಯಬೇಕು ಎಂದು ನಾವೆಲ್ಲ ಹಟ ಹಿಡಿದರೆ, ನಾಳೆ ನಿಮ್ಮ ಮನೆಗೆ ಬರುವ ಪೇಪರಿನಲ್ಲಿ ಎಷ್ಟು ಪುಟ ಖಾಲಿ ಇರಬಹುದು?